ಸಂತೆಗೆ ಬಾರದ ಕಾನೂನು

ರಾಜ್ಯಪಾಲರು ಒಂದು ಅಧ್ಯಾದೇಶಕ್ಕೆ ಸಹಿ ಹಾಕಿದರೆ ನಮ್ಮ ಕಾನೂನು ಕನ್ನಡ ಅದನ್ನು ‘ಪ್ರಖ್ಯಾಪಿಸಿದರು’ ಎನ್ನುತ್ತದೆ. ಮರುದಿನದ ಪತ್ರಿಕೆ ‘ಸುಗ್ರೀವಾಜ್ಞೆ ಹೊರಡಿಸಲಾಗಿದೆ’ ಎಂದು ಬರೆಯುತ್ತದೆ. ಕೂಡ್ಲಿಗಿಯಲ್ಲೋ ಹಡಗಲಿಯಲ್ಲೋ ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಸಲು ನಿಂತ ರೈತ ಅದನ್ನೇ ‘ಜಾರಿ ಆತಂತೆ’ ಎಂದು ಪಕ್ಕದವನಿಗೆ ಹೇಳುತ್ತಾನೆ. ಕೆಲಸ ಒಂದೇ, ಮಾತು ಮೂರು. ಮೊದಲನೆಯದು ಕಾನೂನನ್ನು ಪ್ರಸಿದ್ಧಪಡಿಸಿದೆ ಎಂದು ಹೇಳಿಕೊಳ್ಳುತ್ತದೆ. ಎರಡನೆಯದು ಅಪ್ಪಣೆ ಅರಮನೆಯಿಂದ ಹೊರಟಿತು ಎನ್ನುತ್ತದೆ. ಮೂರನೆಯದು ಅದು ಹರಿಯತೊಡಗಿತು ಎನ್ನುತ್ತದೆ. ಈ ಮೂರರಲ್ಲಿ ಅತ್ಯಂತ ದೊಡ್ಡ ಭರವಸೆ ಕೊಡುವ ಪದ ‘ಪ್ರಖ್ಯಾಪಿಸು’. ಆದರೆ ಜನರ ಬಾಯಲ್ಲಿ ಒಮ್ಮೆಯೂ ಬಾರದ ಪದವೂ ಅದೇ.

ಕಾನೂನನ್ನು ಜನರ ಮುಂದಿಡುವ ಕೆಲಸಕ್ಕಾಗಿಯೇ ಹುಟ್ಟಿದ ಒಂದು ಕ್ರಿಯಾಪದ ಆ ಕೆಲಸವನ್ನು ಬಿಟ್ಟುಕೊಟ್ಟು, ಕಚೇರಿಯೊಳಗೆ ಮುಗಿದುಹೋಗುವ ಒಂದು ಸಹಿಯ ಹೆಸರಾಗಿ ಉಳಿದಿದೆ. ಇದನ್ನು ಬರೀ ಪಾರಿಭಾಷಿಕ ಪದದ ತಕರಾರು ಎಂದು ತಳ್ಳಿಹಾಕುವಂತಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಸಾವಿರಾರು ಹೆಣ್ಣುಮಕ್ಕಳ ಬದುಕನ್ನು ಕಾಯಬೇಕಿದ್ದ ಕಾನೂನೊಂದು ಎರಡೆರಡು ಬಾರಿ ‘ಪ್ರಕಟ’ವಾಗಿಯೂ ಅವರ ಕಿವಿಗೆ ಬೀಳಲಿಲ್ಲ. ಅಲ್ಲಿಗೆ ಬರುವ ಮೊದಲು ಪದಗಳ ಕಥೆಯನ್ನು ನೋಡೋಣ.

ಪದದ ಮನೆ, ಪದದ ಸಂತೆ

‘ಪ್ರಖ್ಯಾಪಿಸು’ ಸಂಸ್ಕೃತದ ‘ಖ್ಯಾ’ ಧಾತುವಿನಿಂದ ಬಂದದ್ದು. ಹೇಳು, ತಿಳಿಯಪಡಿಸು ಎಂಬುದು ಅದರ ಅರ್ಥ. ಖ್ಯಾತಿ, ಪ್ರಖ್ಯಾತ, ಆಖ್ಯಾನ, ವ್ಯಾಖ್ಯಾನ ಎಲ್ಲವೂ ಅದೇ ಬೇರಿನ ಕೊಂಬೆಗಳು. ಹಾಗೆ ನೋಡಿದರೆ ಕಾನೂನೊಂದನ್ನು ಪ್ರಖ್ಯಾಪಿಸುವುದೆಂದರೆ ಅದನ್ನು ಪ್ರಖ್ಯಾತಗೊಳಿಸುವುದು, ಊರಿಗೆಲ್ಲ ಗೊತ್ತಾಗುವಂತೆ ಮಾಡುವುದು. ಪದ ಕಟ್ಟಿದವರ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಇದು ಕೇಳಿ ಕಲಿತ ಪದವಲ್ಲ, ಇಂಗ್ಲಿಷಿನ ‘ಪ್ರೊಮಲ್ಗೇಟ್’ ಎಂಬುದಕ್ಕೆ ಸಮನಾಗಿ ಕೂರಿಸಿದ ಪದ. ಆ ಇಂಗ್ಲಿಷ್ ಪದದ ಹಿಂದೆ ಇದ್ದ ಒಂದು ದೊಡ್ಡ ಸಂಗತಿ ಅನುವಾದದಲ್ಲಿ ಉದುರಿಹೋಯಿತು.

ಅದರ ಮೂಲ ಲ್ಯಾಟಿನ್. ಅದು ಹೇಗೆ ಹುಟ್ಟಿತು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹಾಲು ಕರೆಯುವುದಕ್ಕೆ ಲ್ಯಾಟಿನ್ನಿನಲ್ಲಿರುವ ಪದದಿಂದ, ಅಂದರೆ ಒಳಗಿದ್ದದ್ದನ್ನು ಹೊರಗೆ ತರುವ ಅರ್ಥದಿಂದ ಬಂತು ಎಂಬುದು ಒಂದು ಅಭಿಪ್ರಾಯ. ಸಾಮಾನ್ಯ ಜನ ಎಂಬರ್ಥದ ‘ವಲ್ಗಸ್’ ಪದದೊಂದಿಗೆ ಅದರ ನಂಟು ಎಂಬುದು ಇನ್ನೊಂದು. ಹುಟ್ಟು ಏನೇ ಇರಲಿ, ಪ್ರಾಚೀನ ರೋಮಿನಲ್ಲಿ ಅದರ ಬಳಕೆ ಸ್ಪಷ್ಟವಾಗಿತ್ತು. ಒಂದು ಮಸೂದೆಯನ್ನು ಜನರ ಮತಕ್ಕೆ ಹಾಕುವ ಮೊದಲು ಅದರ ಪಾಠವನ್ನು ಬರೆದು ಸಾರ್ವಜನಿಕ ಸ್ಥಳದಲ್ಲಿ ಇಡಬೇಕಿತ್ತು. ಎಂಟು ದಿನಕ್ಕೊಮ್ಮೆ ಸಂತೆ ಕೂಡುತ್ತಿದ್ದ ಆ ನಗರದಲ್ಲಿ ಹಳ್ಳಿಗರು ಬಂದು ನೋಡಲಿ, ಓದಬಲ್ಲವರಿಂದ ಓದಿಸಿ ಕೇಳಲಿ ಎಂದು ಮೂರು ಸಂತೆಗಳ ಅವಧಿ ಕೊಡಬೇಕಿತ್ತು. ಕ್ರಿಸ್ತಪೂರ್ವ 98ರಲ್ಲಿ ಬಂದ ಒಂದು ಕಾನೂನು ಈ ಮೂರು ಸಂತೆಯ ಕಾಲಾವಕಾಶವನ್ನು ಕಡ್ಡಾಯ ಮಾಡಿತು.

ಇದರಲ್ಲಿ ಗಮನಿಸಬೇಕಾದದ್ದು ಎರಡು. ಒಂದು, ‘ಪ್ರಖ್ಯಾಪನೆ’ ಅಲ್ಲಿ ಕಾನೂನು ಆಗುವುದಕ್ಕಿಂತ ಮೊದಲಿನ ಕೆಲಸವಾಗಿತ್ತು. ಎರಡು, ಅದರ ಅಳತೆಗೋಲು ಸಂತೆಯಾಗಿತ್ತು. ರೋಮನ್ನರನ್ನು ಆದರ್ಶ ಮಾಡಿಕೊಳ್ಳಬೇಕಿಲ್ಲ. ಅಲ್ಲಿ ಗುಲಾಮರಿಗೂ ಹೆಂಗಸರಿಗೂ ಮತವಿರಲಿಲ್ಲ. ಆದರೂ ಪದದ ನ್ಯಾಯ ಅರ್ಥವಾಗುತ್ತದೆ. ಸಂತೆಗೆ ಬಾರದ್ದು ಪ್ರಕಟವಾದದ್ದಲ್ಲ. ನಮ್ಮ ‘ಪ್ರಖ್ಯಾಪನೆ’ಯಲ್ಲಿ ಸಂತೆಯೂ ಇಲ್ಲ, ಮುಂಚಿತವಾಗಿ ತಿಳಿಸುವುದೂ ಇಲ್ಲ. ಶಾಸನಸಭೆ ಕೂಡದ ಹೊತ್ತಿನಲ್ಲಿ, ಚರ್ಚೆಯೇ ಇಲ್ಲದೆ ಕಾನೂನು ಮಾಡುವ ವಿಧಾನಕ್ಕೆ ನಾವು ಆ ಹೆಸರನ್ನು ಕೊಟ್ಟಿದ್ದೇವೆ. ಪದದ ಅರ್ಥ ತಲೆಕೆಳಗಾದದ್ದು ಇಲ್ಲಿ.

ಹರಿಯುವ ಪದ

ಇನ್ನು ರೈತನ ‘ಜಾರಿ’ಯನ್ನು ನೋಡೋಣ. ಇದು ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ಮಾತು. ಹರಿಯುವುದು, ಓಡುವುದು, ನಿಲ್ಲದೆ ನಡೆಯುವುದು ಎಂಬುದು ಅದರ ಧಾತುವಿನ ಅರ್ಥ. ಮುಸ್ಲಿಮರ ಮನೆಗಳಲ್ಲಿ ‘ಸದಕಾ ಜಾರಿಯಾ’ ಎಂಬ ಮಾತು ಎಲ್ಲರಿಗೂ ಗೊತ್ತು. ಬಾವಿ ತೋಡಿಸಿದ, ಗಿಡ ನೆಟ್ಟ, ವಿದ್ಯೆ ಕಲಿಸಿದ ಪುಣ್ಯ ಮನುಷ್ಯ ಸತ್ತ ಮೇಲೂ ಹರಿಯುತ್ತಲೇ ಇರುತ್ತದೆ ಎಂಬ ಅರ್ಥದಲ್ಲಿ. ತಹಸೀಲ್ದಾರರ ನೋಟಿಸು ‘ಜಾರಿ’ಯಾಗುವುದೂ ಈ ‘ಜಾರಿಯಾ’ವೂ ಒಂದೇ ಹೊಳೆಯ ನೀರು.

ಮದೀನಾದಲ್ಲಿ ಮದ್ಯ ನಿಷೇಧವಾದ ದಿನದ ವೃತ್ತಾಂತವನ್ನು ಅನಸ್(ರ) ಹೇಳಿದ್ದಾರೆ. ಬುಖಾರಿಯ ಸಂಗ್ರಹದಲ್ಲಿ ಅದಿದೆ. ಅಬೂ ತಲ್ಹಾ(ರ)ರ ಮನೆಯಲ್ಲಿ ಅವರು ಜನರಿಗೆ ಮದ್ಯ ಹಂಚುತ್ತಿದ್ದಾಗ ಪ್ರವಾದಿ(ಸ)ಯವರು ಕಳಿಸಿದ ಸಾರುವವನು ಬೀದಿಯಲ್ಲಿ ಕೂಗಿ ಹೇಳಿದ. ಒಳಗಿದ್ದವರು ಅದೇನೆಂದು ವಿಚಾರಿಸಿ, ಇದ್ದದ್ದನ್ನೆಲ್ಲ ಚೆಲ್ಲಿಬಿಟ್ಟರು. ಅದು ಮದೀನಾದ ಓಣಿಗಳಲ್ಲಿ ಹರಿಯಿತು. ‘ಹರಿಯಿತು’ ಎನ್ನಲು ಅಲ್ಲಿ ಬಳಕೆಯಾದದ್ದು ‘ಜಾರಿ’ಯ ಧಾತುವೇ. ಈ ಪ್ರಸಂಗವನ್ನು ಸಾಮಾನ್ಯವಾಗಿ ವಿಧೇಯತೆಯ ಉದಾಹರಣೆಯಾಗಿ ಹೇಳುತ್ತಾರೆ. ಕಾನೂನಿನ ಕಣ್ಣಿನಿಂದ ನೋಡಿದರೆ ಅದರಲ್ಲಿ ಇನ್ನೊಂದು ಪಾಠವಿದೆ. ಆಜ್ಞೆ ಬೀದಿಗೆ ಬಂತು, ಜನರ ಭಾಷೆಯಲ್ಲಿ ಬಂತು, ಗಟ್ಟಿಯಾಗಿ ಬಂತು. ಆಮೇಲೆ ಪಾಲನೆಯಾಯಿತು. ತಿಳಿಸುವವನನ್ನು ಕಳಿಸದೆ ಶಿಕ್ಷೆಯಿಲ್ಲ ಎಂಬ ತತ್ವ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದಲ್ಲಿದೆ. ಪ್ರವಾದಿ(ಸ)ಯವರ ವಿದಾಯದ ಭಾಷಣವೂ ಇಲ್ಲಿರುವವರು ಇಲ್ಲದವರಿಗೆ ತಲುಪಿಸಲಿ ಎಂಬ ಹೊಣೆಯನ್ನು ಕೇಳುಗರ ಮೇಲೆ ಹೊರಿಸುತ್ತದೆ.

ಬಳ್ಳಾರಿ ಸೀಮೆಗೆ ಈ ಪದಗಳು ಬಂದ ದಾರಿ ಆಡಳಿತದ್ದು. ಬಿಜಾಪುರದ ಆದಿಲ್‌ಶಾಹಿಗಳು, ಆಮೇಲೆ ಹೈದರ್ ಮತ್ತು ಟಿಪ್ಪು, ನಂತರ ನಿಜಾಮ, 1800ರಲ್ಲಿ ನಿಜಾಮನಿಂದ ಕಂಪನಿ ಸರ್ಕಾರ. ಹೀಗೆ ಕೈ ಬದಲಾದಾಗಲೆಲ್ಲ ಕಚೇರಿಯ ಮಾತು ಮಾತ್ರ ಹೆಚ್ಚು ಬದಲಾಗಲಿಲ್ಲ. ಕಾನೂನು, ಕಾಯ್ದೆ, ಹುಕುಂ, ಜಪ್ತಿ, ವಕೀಲ, ತಹಸೀಲು ಎಲ್ಲವೂ ಹಾಗೆ ಬಂದು ಕನ್ನಡವೇ ಆದವು. ಇವುಗಳಲ್ಲಿ ‘ಕಾನೂನು’ ಅರಬ್ಬಿಗೂ ಹೊರಗಿನದೇ. ಗ್ರೀಕಿನ ‘ಕನೋನ್’ ಅದರ ತವರು. ‘ಜಾಹೀರಾತು’ ಎಂದು ನಾವು ಸೋಪು, ಸೀರೆಗಳಿಗೆ ಬಳಸುವ ಪದದ ಮೂಲ ‘ಜಾಹಿರ್’, ಅಂದರೆ ಕಣ್ಣಿಗೆ ಕಾಣುವಂಥದ್ದು. ‘ಜಾಹೀರು ಮಾಡು’ ಎಂದರೆ ಎಲ್ಲರಿಗೂ ತೋರುವಂತೆ ಮಾಡು. ವ್ಯಾಪಾರಿ ತನ್ನ ಸರಕನ್ನು ಜಾಹೀರು ಮಾಡುವ ಶ್ರದ್ಧೆಯಲ್ಲಿ ನೂರಕ್ಕೊಂದು ಪಾಲು ಸರ್ಕಾರ ತನ್ನ ಕಾನೂನಿನ ಬಗ್ಗೆ ತೋರಿದ್ದರೆ ಈ ಲೇಖನದ ಅಗತ್ಯವೇ ಬೀಳುತ್ತಿರಲಿಲ್ಲ.

ಕನ್ನಡದಿಂದ ಇಂಥ ಪದಗಳನ್ನು ಹೊರಹಾಕಿ ‘ಶುದ್ಧ’ ಪದಗಳನ್ನು ತರಬೇಕೆಂಬ ಹಟ ಆಗಾಗ ಕೇಳಿಬರುತ್ತದೆ. ಅದರ ಫಲ ಏನೆಂದು ಕೇಳಬೇಕು. ‘ಬಗರ್ ಹುಕುಂ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಹುಕುಂ ಇಲ್ಲದೆ ಸರ್ಕಾರಿ ಭೂಮಿ ಉಳುತ್ತಿರುವವನು ಎಂದರ್ಥ. ನಮೂನೆ 50, 53, 57 ಎಂದು ಅರ್ಜಿ ಹಾಕುತ್ತ ಬಂದ ರೈತನಿಗೆ ಆ ಎರಡು ಪದಗಳಲ್ಲಿ ತನ್ನ ಇಡೀ ಸ್ಥಿತಿ ತಿಳಿಯುತ್ತದೆ. ಅದರ ಜಾಗಕ್ಕೆ ‘ಅನಧಿಕೃತ ಅಧಿಭೋಗ’ವನ್ನು ತಂದಿಟ್ಟರೆ ಭಾಷೆ ಶುದ್ಧವಾದೀತು, ರೈತ ಮಾತ್ರ ಕುರುಡನಾಗುತ್ತಾನೆ.

ಹಾಗೆಂದು ಪಾರಸಿಯ ಕಾಲವನ್ನು ಹೊಗಳಿ ಕೂರಬೇಕಿಲ್ಲ. ಪಾರಸಿಯ ಫರ್ಮಾನು ಕೂಡ ಹಳ್ಳಿಯವನ ಭಾಷೆಯಲ್ಲಿ ಇರಲಿಲ್ಲ. ಅರಸರ ಕಚೇರಿ ಯಾವ ಭಾಷೆಯದಾದರೂ ಬಡವ ಹೊರಗೇ ನಿಂತಿದ್ದ. ಆ ಪದಗಳು ಕನ್ನಡವಾದದ್ದು ಅರಸರ ಕೃಪೆಯಿಂದಲ್ಲ, ಕಚೇರಿಗೆ ಅಲೆದ ಜನರ ತಲೆಮಾರುಗಳ ಸವೆತದಿಂದ. ನಮ್ಮ ಮಸೀದಿಗಳ ಬಗ್ಗೆಯೂ ಇದೇ ಪ್ರಶ್ನೆ ಕೇಳಿಕೊಳ್ಳಬೇಕು. ಅರಬ್ಬಿ ಬಾರದ ಸಭೆಯ ಮುಂದೆ ಅರಬ್ಬಿಯಲ್ಲಿ ಮಾತ್ರ ಖುತ್ಬಾ ನಡೆದು, ಅದರ ಸಾರವನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಯಾರೂ ಹೇಳದೆ ಜನ ಎದ್ದು ಹೋದರೆ ಅಲ್ಲಿ ತಲುಪಿಸುವ ಹೊಣೆ ಈಡೇರಿತೇ? ರಾಜ್ಯಪತ್ರವನ್ನು ಪ್ರಶ್ನಿಸುವವರಿಗೆ ತಮ್ಮ ಮಿಂಬರನ್ನು ಪ್ರಶ್ನಿಸುವ ಧೈರ್ಯವೂ ಇರಬೇಕು.

‘ಹೊರಡಿಸು’ ಎಂಬ ಪತ್ರಿಕೆಯ ಕ್ರಿಯಾಪದಕ್ಕೂ ಒಂದು ಮಾತು ಹೇಳಬೇಕು. ನಮ್ಮ ಪತ್ರಿಕೆಗಳು ಸುಗ್ರೀವಾಜ್ಞೆಗೆ ಬಳಸುವ ಈ ಕ್ರಿಯಾಪದವನ್ನೇ ಫತ್ವಾಕ್ಕೂ ಬಳಸುತ್ತವೆ. ‘ಫತ್ವಾ ಹೊರಡಿಸಿದ್ದಾರೆ’ ಎಂದ ಕೂಡಲೇ ಓದುಗನ ಮನಸ್ಸಿನಲ್ಲಿ ಯಾರೋ ಕಾನೂನು ಮಾಡಿದ ಚಿತ್ರ ಮೂಡುತ್ತದೆ. ಕೇಳಿದ ಪ್ರಶ್ನೆಗೆ ಮುಫ್ತಿಯೊಬ್ಬರು ಕೊಟ್ಟ ಅಭಿಪ್ರಾಯವೇ ಫತ್ವಾ. ಅದಕ್ಕೆ ಕಾನೂನಿನ ಬಲವಿಲ್ಲ, ಅದನ್ನು ಯಾರ ಮೇಲೂ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟವಾಗಿ ಹೇಳಿದೆ. ಫತ್ವಾ ‘ಕೊಟ್ಟರು’ ಎಂದರೆ ಸಾಕು. ಹೊರಡಿಸುವುದು ಆಳುವವರ ಕೆಲಸ. ಒಂದು ಕ್ರಿಯಾಪದದ ಅಜಾಗರೂಕತೆ ಒಂದು ಸಮುದಾಯದ ಬಗ್ಗೆ ಎಷ್ಟು ತಪ್ಪು ತಿಳಿವಳಿಕೆಯನ್ನು ಹರಡಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ. ಇತ್ತ ‘ಸುಗ್ರೀವಾಜ್ಞೆ’ಯ ಕಥೆಯೂ ಸ್ವಾರಸ್ಯಕರ. ಕಿಷ್ಕಿಂಧೆಯೆಂದು ಜನ ನಂಬುವ ಹಂಪಿ-ಆನೆಗೊಂದಿಯ ನೆಲ ಈ ತಾಲ್ಲೂಕುಗಳ ನೆರೆಯಲ್ಲೇ ಇದೆ. ಪ್ರಶ್ನಿಸಲಾಗದ, ಮೀರಿದರೆ ತಲೆ ಹೋಗುವ ಕಪಿರಾಜನ ಅಪ್ಪಣೆಯ ಹೆಸರನ್ನು ಪ್ರಜಾಪ್ರಭುತ್ವದ ಕಾನೂನಿಗೆ ಇಟ್ಟವರು ತಿಳಿದೋ ತಿಳಿಯದೆಯೋ ನಿಜವನ್ನೇ ಹೇಳಿದ್ದಾರೆ.

ಕಲ್ಲು, ತಾಮ್ರ ಮತ್ತು ತಮಟೆ

ಕನ್ನಡದ್ದೇ ಆದ ಪದ ನಮಗಿಲ್ಲವೇ? ಇದೆ. ‘ಸಾರು’. ಡಂಗುರ ಸಾರು ಎನ್ನುವಾಗಿನ ‘ಸಾರು’. ಅದಕ್ಕಿಂತ ಅರ್ಥವತ್ತಾದದ್ದು ‘ಶಾಸನ’ ಎಂಬ ಪದ. ಸಂಸ್ಕೃತದಿಂದ ಬಂದರೂ ಕನ್ನಡದಲ್ಲಿ ಅದಕ್ಕೆ ಎರಡು ಅರ್ಥ ಒಟ್ಟಿಗೆ ನಿಂತವು. ಕಾನೂನೂ ಶಾಸನವೇ, ಕಾನೂನನ್ನು ಕೆತ್ತಿದ ಕಲ್ಲೂ ಶಾಸನವೇ. ಕಾನೂನು ಬೇರೆ, ಅದರ ಪ್ರಕಟಣೆ ಬೇರೆ ಎಂದು ಆ ಪದ ಭಾವಿಸಲೇ ಇಲ್ಲ. ಊರ ನಡುವೆ ನಿಲ್ಲದ್ದು ಶಾಸನವೇ ಅಲ್ಲ.

ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ಸಿಕ್ಕ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ಸುಮಾರು ನಾಲ್ಕನೆಯ ಶತಮಾನದವು. ಕಾಂಚಿಯಿಂದ ಹೊರಟ ಆ ಅಪ್ಪಣೆ ಯಾರು ಯಾರನ್ನು ಉದ್ದೇಶಿಸಿದೆ ಎಂಬ ಪಟ್ಟಿಯನ್ನು ನೋಡಬೇಕು. ರಾಜಕುಮಾರರು, ಸೇನಾಪತಿಗಳಿಂದ ಹಿಡಿದು ಊರ ಗೌಡರವರೆಗೆ, ಕೊನೆಗೆ ದನ ಕಾಯುವವರವರೆಗೆ ಅದು ಇಳಿಯುತ್ತದೆ. ದಾನದ ಭೂಮಿಯಲ್ಲಿ ಯಾರು ದನ ನುಗ್ಗಿಸಬಾರದೋ ಅವನಿಗೂ ಹೇಳಿರಬೇಕಲ್ಲವೇ? ಅದಕ್ಕೂ ಹಿಂದೆ ಅಶೋಕ ತನ್ನ ಶಾಸನಗಳನ್ನು ಇದೇ ಸೀಮೆಯ ಆಸುಪಾಸಿನಲ್ಲಿ, ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿ ಮತ್ತು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಂಡೆಗೆ ಕೆತ್ತಿಸಿದ. ಕಳಿಂಗದ ಶಾಸನಗಳಲ್ಲಿ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇವನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಓದಬೇಕು ಎಂದು ಅಧಿಕಾರಿಗಳಿಗೆ ವಿಧಿಸಿದ. ಕೆತ್ತಿದ್ದಷ್ಟಕ್ಕೇ ಕೆಲಸ ಮುಗಿಯಿತೆಂದು ಅವನು ತಿಳಿಯಲಿಲ್ಲ. ಬಾಗಳಿ, ಕುರುವತ್ತಿ, ಕೋಗಳಿಗಳ ಗುಡಿ ಬಸದಿಗಳ ಶಾಸನಗಳು ಊರವರ ಕನ್ನಡದಲ್ಲೇ ಇವೆ. ನಾಡಿನ ಎಷ್ಟೋ ಶಾಸನಗಳ ತಲೆಯ ಮೇಲಿನ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು ಅಕ್ಷರ ಬಾರದವನಿಗೂ ಇದು ಮೀರಬಾರದ ಕಟ್ಟಳೆ ಎಂದು ಹೇಳುತ್ತಿದ್ದವು.

ಈ ಪರಂಪರೆಯ ಕಪ್ಪು ಮುಖವನ್ನೂ ಮುಚ್ಚಿಡಬಾರದು. ಊರಲ್ಲಿ ತಮಟೆ ಬಾರಿಸಿ ಡಂಗುರ ಸಾರುವ ಕೆಲಸ ಬಹುಪಾಲು ಕಡೆ ದಲಿತ ಕೇರಿಯ ಮೇಲೆ ಹೇರಿದ ಚಾಕರಿಯಾಗಿತ್ತು. ಕಾನೂನನ್ನು ಊರಿಗೆಲ್ಲ ಕೇಳಿಸಿದವನಿಗೆ ಆ ಕಾನೂನಿನ ನೆರಳು ಸಿಗುತ್ತಿರಲಿಲ್ಲ. ತನ್ನನ್ನೇ ಊರಿನಿಂದ ಹೊರಗಿಡುವ ಕಟ್ಟಳೆಯನ್ನು ಅವನೇ ಸಾರಬೇಕಿತ್ತು. 1961ರ ಗ್ರಾಮ ಅಧಿಕಾರಗಳ ರದ್ದತಿ ಕಾಯ್ದೆ ಹಳ್ಳಿಯ ವಂಶಪಾರಂಪರ್ಯ ಚಾಕರಿಗಳನ್ನು ತೆಗೆದುಹಾಕಿತು. ಅದು ನ್ಯಾಯವೇ ಆಗಿತ್ತು. ಆದರೆ ಹೋದ ಡಂಗುರದ ಜಾಗಕ್ಕೆ ಘನತೆಯ, ಸಂಬಳದ, ಹೊಣೆಗಾರಿಕೆಯ ಬೇರೆ ವ್ಯವಸ್ಥೆಯನ್ನು ಸರ್ಕಾರ ಕಟ್ಟಲಿಲ್ಲ. ಚಾಕರಿಯ ಜೊತೆಗೆ ಕೇಳಿಸುವ ಕೆಲಸವೂ ಹೋಯಿತು.

ಕೇಳಿಸುವುದೆಂದರೇನು ಎಂದು ತಿಳಿಯಬೇಕಾದರೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಬೇಕು. ಪ್ರತಿವರ್ಷ ಅಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎನ್ನುತ್ತಾನೆ. ಲಕ್ಷಾಂತರ ಜನ ಒಮ್ಮೆಲೇ ಮೌನವಾಗುತ್ತಾರೆ. ಅವನಾಡುವ ಒಂದು ವಾಕ್ಯದ ಕಾರ್ಣಿಕ ಸಂಜೆಯೊಳಗೆ ನಾಡಿಗೆಲ್ಲ ಹಬ್ಬುತ್ತದೆ. ಮಳೆಗೆ, ಬೆಳೆಗೆ, ರಾಜಕೀಯಕ್ಕೆ ಅದನ್ನು ಹೊಂದಿಸಿ ಚಹದಂಗಡಿಗಳಲ್ಲಿ ವಾದಗಳು ನಡೆಯುತ್ತವೆ. ಅದು ಕಾನೂನಲ್ಲ, ಅದನ್ನು ನಂಬಬೇಕೋ ಬೇಡವೋ ಎಂಬುದು ಬೇರೆ ವಿಚಾರ. ಅರ್ಥ ಅಸ್ಪಷ್ಟವಾದ ಒಂದು ವಾಕ್ಯ ಇಷ್ಟು ದೂರ ಹೋಗುವ ನಾಡಿನಲ್ಲಿ, ಅರ್ಥ ಸ್ಪಷ್ಟವಾಗಿರಬೇಕಾದ ಕಾನೂನು ತಾಲ್ಲೂಕು ಕಚೇರಿಯ ಬೀರುವನ್ನು ದಾಟುವುದಿಲ್ಲವೆಂದರೆ ಕೊರತೆ ಕೇಳುವವರದ್ದಲ್ಲ.

ಎರಡು ಬಾರಿ ಬಂದು ತಲುಪದ ಕಾನೂನು

ಈಗ ಆ ಮೊಕದ್ದಮೆಗೆ ಬರೋಣ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆದ್ದರಿಂದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ದೀರ್ಘ ಹೋರಾಟದ ಫಲವಾಗಿ ಬಂದ 1947ರ ಮದ್ರಾಸ್ ದೇವದಾಸಿ ಸಮರ್ಪಣೆ ತಡೆ ಕಾಯ್ದೆ ಈ ತಾಲ್ಲೂಕುಗಳಿಗೂ ಅನ್ವಯಿಸಿತು. ಅಂದರೆ ದೇಶ ಸ್ವತಂತ್ರವಾದ ಸ್ವಲ್ಪ ಕಾಲದಲ್ಲೇ ಇಲ್ಲಿ ಹೆಣ್ಣುಮಗುವನ್ನು ದೇವರಿಗೆ ಬಿಡುವುದು ಅಪರಾಧವಾಯಿತು. ಆ ಕಾಯ್ದೆ ಪ್ರಕಟವಾದದ್ದು ಮದ್ರಾಸಿನ ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್ಟಿನಲ್ಲಿ. ಉಚ್ಚಂಗಿದುರ್ಗದ ಬುಡದ ಹಟ್ಟಿಯಲ್ಲಿದ್ದ ತಾಯಿ ಆ ಗೆಜೆಟ್ಟನ್ನು ಓದುತ್ತಾಳೆಂದು ಯಾರು ನಂಬಿದ್ದರು?

ಮೂರು ದಶಕಗಳ ನಂತರ ಕರ್ನಾಟಕ ತನ್ನದೇ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯನ್ನು 1982ರಲ್ಲಿ ರೂಪಿಸಿತು. ಅದು ಒಪ್ಪಿಗೆ ಪಡೆದು 1984ರ ಮೊದಲನೆಯ ಅಧಿನಿಯಮವಾಯಿತು. ಹಳೆಯ ಮದ್ರಾಸ್ ಕಾಯ್ದೆ ರದ್ದಾಯಿತು. ಹೀಗೆ ಒಂದೇ ನೆಲದಲ್ಲಿ ಒಂದೇ ಅಪರಾಧ ಎರಡನೇ ಸಲ ಅಪರಾಧವೆಂದು ಪ್ರಕಟವಾಯಿತು. ಆದರೂ ಸರ್ಕಾರವೇ ನಡೆಸಿದ 1993-94 ಮತ್ತು 2007-08ರ ಸಮೀಕ್ಷೆಗಳು ಒಟ್ಟು 46,660 ಮಂದಿ ದೇವದಾಸಿಯರನ್ನು ರಾಜ್ಯದಲ್ಲಿ ಗುರುತಿಸಿದವು. ಬಳ್ಳಾರಿ ಸೀಮೆ ಈ ಪದ್ಧತಿಯ ನೆಲೆಗಳಲ್ಲಿ ಒಂದೆಂಬುದು ಎಲ್ಲರಿಗೂ ತಿಳಿದದ್ದೇ. 2014ರ ಫೆಬ್ರವರಿಯಲ್ಲಿ, ಆಗ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ತಾಲ್ಲೂಕಿನ ದೇವಾಲಯವೊಂದರಲ್ಲಿ ಹೆಣ್ಣುಮಕ್ಕಳ ಸಮರ್ಪಣೆ ನಡೆಯದಂತೆ ನೋಡಿಕೊಳ್ಳಬೇಕೆಂದು ಸುಪ್ರೀಂ ಕೋರ್ಟೇ ರಾಜ್ಯದ ಮುಖ್ಯ ಕಾರ್ಯದರ್ಶಿಗೆ ಹೇಳಬೇಕಾಯಿತು. ಮೊದಲ ಕಾಯ್ದೆ ಬಂದು ಅರವತ್ತಾರು ವರ್ಷಗಳಾದ ಮೇಲೆ!

ಇದಕ್ಕೆ ಬಡತನ, ಜಾತಿ, ಮೂಢನಂಬಿಕೆ, ಗಂಡಸರ ಅನುಕೂಲ, ಪೊಲೀಸರ ಅಲಕ್ಷ್ಯ ಎಲ್ಲವೂ ಕಾರಣ. ಭಾಷೆಯೊಂದೇ ಕಾರಣವೆಂದು ಹೇಳುವುದು ಮೂರ್ಖತನ. ಆದರೆ ಭಾಷೆಯ ಪಾಲನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಕಾಯ್ದೆ ‘ಸಮರ್ಪಣೆ’ ಎನ್ನುತ್ತದೆ. ಊರಲ್ಲಿ ಅದು ‘ಮುತ್ತು ಕಟ್ಟುವುದು’, ‘ಬಸವಿ ಬಿಡುವುದು’. ‘ಸಮರ್ಪಣೆ’ ಎಂಬುದು ಪೂಜೆಯ, ಪುಣ್ಯದ, ಪುಸ್ತಕದ ಮೊದಲ ಪುಟದ ಮಾತು. ‘ಸಮರ್ಪಣೆ ಮಾಡಬೇಡಿ’ ಎಂದು ಗೋಡೆಯ ಮೇಲೆ ಬರೆದರೆ ಮುತ್ತು ಕಟ್ಟಿಸಲು ಹೊರಟ ತಾಯಿಗೆ ಅದು ತನಗೇ ಹೇಳಿದ್ದು ಎಂದು ಹೊಳೆಯುವುದು ಹೇಗೆ? ಅದೇ ಕಾಯ್ದೆಯಲ್ಲಿ ತಂದೆತಾಯಿ, ಪೋಷಕರಿಗೆ ಬೇರೆಯವರಿಗಿಂತ ಹೆಚ್ಚಿನ ಶಿಕ್ಷೆ ಇದೆ. ಹೆಚ್ಚು ಶಿಕ್ಷೆ ಯಾರಿಗೋ ಅವರಿಗೇ ಕಡಿಮೆ ತಿಳಿಸಿದ ಕಾನೂನು ಇದು. ಅನೇಕ ಹಳ್ಳಿಗಳಲ್ಲಿ ಈ ಕಾನೂನು ಬಾಯಿಂದ ಬಾಯಿಗೆ ಹೋದದ್ದಿದ್ದರೆ ಅದು ದೇವದಾಸಿ ವಿಮೋಚನೆಗಾಗಿ ದುಡಿದ ಹೆಣ್ಣುಮಕ್ಕಳ ಸಂಘಟನೆಗಳಿಂದ, ಬೀದಿನಾಟಕಗಳಿಂದ. ನಿಜವಾದ ಪ್ರಖ್ಯಾಪನೆ ಮಾಡಿದವರು ಅವರು. 2025ರಲ್ಲಿ ರಾಜ್ಯದ ಶಾಸನಸಭೆ ಈ ಕುರಿತು ಮತ್ತೊಂದು ಮಸೂದೆಯನ್ನು ಅಂಗೀಕರಿಸಿದೆ. ಮೂರನೆಯ ಸಲವಾದರೂ ಅದು ಗೆಜೆಟ್ಟಿನಿಂದ ಹಟ್ಟಿಗೆ ನಡೆದು ಬರುವುದೋ ಎಂಬುದೇ ಪ್ರಶ್ನೆ.

ಇದೇ ಹರಪನಹಳ್ಳಿಯಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 1997ರಲ್ಲಿ ಈ ತಾಲ್ಲೂಕು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. 2013ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371 ಜೆ ವಿಶೇಷ ಸ್ಥಾನಮಾನ ಬಂದಾಗ ಬಳ್ಳಾರಿ ಒಳಗಿತ್ತು, ಹರಪನಹಳ್ಳಿ ಹೊರಗುಳಿಯಿತು. ಪ್ರದೇಶದೊಳಗಿನ ಕಾಲೇಜುಗಳಲ್ಲಿ ಶೇಕಡಾ 70 ಸೀಟು, ರಾಜ್ಯದ ಉಳಿದೆಡೆ ಶೇಕಡಾ 8 ಎಂಬ ಲೆಕ್ಕ ಗಡಿಯ ಆಚೆಯ ಮಕ್ಕಳಿಗೆ ಸಿಕ್ಕಿತು, ಈಚೆಯ ಮಕ್ಕಳಿಗೆ ಸಿಗಲಿಲ್ಲ. ಜನ ಬೀದಿಗಿಳಿದರು. 2018ರಲ್ಲಿ ತಾಲ್ಲೂಕನ್ನು ಮತ್ತೆ ಬಳ್ಳಾರಿಗೆ ಸೇರಿಸುವ ತೀರ್ಮಾನವಾಯಿತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆ ಅದು ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಇಂದು ಹರಪನಹಳ್ಳಿಯ ಪಿಯುಸಿ ಹುಡುಗನಿಗೂ ‘ತ್ರೀ ಸೆವೆಂಟಿ ಒನ್ ಜೆ’ ಎಂದರೇನೆಂದು ಗೊತ್ತು. ಸಂವಿಧಾನದ ಅನುಚ್ಛೇದವೊಂದು ಮನೆಮಾತಾದದ್ದು ರಾಜ್ಯಪತ್ರದಿಂದಲ್ಲ, ಹೋರಾಟದಿಂದ. ದನಿಯಿದ್ದವರ ಕಾನೂನು ಪ್ರಖ್ಯಾತವಾಗುತ್ತದೆ, ದನಿಯಿಲ್ಲದವರ ಕಾನೂನು ಪ್ರಖ್ಯಾಪನೆಯಲ್ಲೇ ನಿಲ್ಲುತ್ತದೆ.

ನ್ಯಾಯಾಲಯ ಹೇಳಿದ್ದು

ಈ ಅನ್ಯಾಯವನ್ನು ನಮ್ಮ ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಗುರುತಿಸಿತ್ತು. ಜೈಪುರ ಸಂಸ್ಥಾನದ ಮಂತ್ರಿಮಂಡಲ 1923ರ ಡಿಸೆಂಬರಿನಲ್ಲಿ ಒಂದು ಅಫೀಮು ಕಾಯ್ದೆಗೆ ಒಪ್ಪಿಗೆ ಕೊಟ್ಟು ಕಡತದಲ್ಲಿಟ್ಟಿತು. ಎಲ್ಲಿಯೂ ಪ್ರಕಟಿಸಲಿಲ್ಲ. ಅದರಡಿ ಹರ್ಲಾ ಎಂಬವನಿಗೆ 50 ರೂಪಾಯಿ ದಂಡವಾಯಿತು. 1951ರಲ್ಲಿ ಹರ್ಲಾ ವಿರುದ್ಧ ರಾಜಸ್ಥಾನ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಬರೆದ ತೀರ್ಪು ಆ ದಂಡವನ್ನು ರದ್ದುಮಾಡಿತು. ಜನರಿಗೆ ತಿಳಿಯುವ ಯಾವ ದಾರಿಯೂ ಇಲ್ಲದ, ಗುಟ್ಟಿನಲ್ಲಿ ಮಾಡಿದ ಕಾನೂನಿನಿಂದ ಯಾರನ್ನೂ ಶಿಕ್ಷಿಸುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂಬುದು ಅದರ ತಿರುಳು. ಐವತ್ತು ರೂಪಾಯಿಯ ಮೊಕದ್ದಮೆಯಲ್ಲಿ ಇಷ್ಟು ದೊಡ್ಡ ತತ್ವ ನಿಂತಿತು.

ಆದರೆ ಆ ತತ್ವ ಗೆಜೆಟ್ಟಿನಲ್ಲಿ ಅಚ್ಚಾದರೆ ಸಾಕು ಎಂಬಲ್ಲಿಗೆ ಬಂದು ನಿಂತುಬಿಟ್ಟಿದೆ. ಕಾನೂನು ಗೊತ್ತಿರಲಿಲ್ಲ ಎಂಬುದು ಸಬೂಬಲ್ಲ ಎಂಬ ಸೂತ್ರ ಬಡವನ ತಲೆಯ ಮೇಲೆ ತೂಗುತ್ತದೆ. ಅದರ ಇನ್ನೊಂದು ಅರ್ಧ, ಅಂದರೆ ತಿಳಿಸದಿರುವುದು ಸರ್ಕಾರಕ್ಕೂ ಸಬೂಬಾಗಬಾರದು ಎಂಬುದು, ಎಲ್ಲೂ ತೂಗುವುದಿಲ್ಲ. ಅಧ್ಯಾದೇಶಗಳ ವಿಷಯದಲ್ಲಂತೂ ಪದವೇ ದುರ್ಬಳಕೆಯಾಗಿದೆ. ಬಿಹಾರ 1967ರಿಂದ 1981ರವರೆಗೆ 256 ಅಧ್ಯಾದೇಶಗಳನ್ನು ತಂದು, ಶಾಸನಸಭೆಯ ಮುಂದಿಡದೆ ಮತ್ತೆ ಮತ್ತೆ ಪ್ರಖ್ಯಾಪಿಸುತ್ತ ಹೋದದ್ದನ್ನು ವಾಧ್ವಾ ಮೊಕದ್ದಮೆ ಬಯಲಿಗೆಳೆಯಿತು. ಇದು ಸಂವಿಧಾನಕ್ಕೆ ಮಾಡುವ ಮೋಸ ಎಂದು 2017ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಮತ್ತೆ ಹೇಳಿತು. ಅದಾದ ಮೇಲೂ ತ್ರಿವಳಿ ತಲಾಕ್ ಅಧ್ಯಾದೇಶ 2018ರ ಸೆಪ್ಟೆಂಬರ್, 2019ರ ಜನವರಿ, 2019ರ ಫೆಬ್ರವರಿ ಹೀಗೆ ಮೂರು ಸಲ ಹೊರಬಿತ್ತು. ಒಂದೇ ಉಸಿರಿನಲ್ಲಿ ಹೇಳಿದ ಮೂರು ತಲಾಕ್ ಅನ್ಯಾಯ ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಸಂಬಂಧಪಟ್ಟ ಹೆಂಗಸರನ್ನು ಕೂರಿಸಿ ಕೇಳದೆ ಅವಸರದಿಂದ ತಂದ ವಿಧಾನ ನ್ಯಾಯದ್ದೇ? ಮುಂದೆ ಇದೇ ವಿಧಾನ ರೈತನ ಬಾಗಿಲಿಗೂ ಬಂತು. 2020ರ ಜೂನಿನಲ್ಲಿ ಮೂರು ಕೃಷಿ ಅಧ್ಯಾದೇಶಗಳು, ಅದೇ ಜುಲೈನಲ್ಲಿ ಕರ್ನಾಟಕದ ಭೂಸುಧಾರಣೆ ತಿದ್ದುಪಡಿ ಅಧ್ಯಾದೇಶ, ಎಲ್ಲವೂ ಜನ ಕೊರೋನಾ ಭಯದಲ್ಲಿ ಮನೆಯೊಳಗೆ ಕುಳಿತಿದ್ದಾಗ, ಎಷ್ಟೋ ಕಡೆ ಸಂತೆಗಳೇ ನಿಂತಿದ್ದಾಗ ಬಂದವು. ಕೃಷಿ ಕಾಯ್ದೆಗಳನ್ನು 2021ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಮೊದಲೇ ಕೇಳಿದ್ದರೆ ಆ ಒಂದು ವರ್ಷದ ನೋವು ತಪ್ಪುತ್ತಿತ್ತು.

ಮೊದಲೇ ಕೇಳಬೇಕೆಂಬ ನಿಯಮ ಇಲ್ಲದಿಲ್ಲ. ಕೇಂದ್ರ ಸರ್ಕಾರವೇ 2014ರಲ್ಲಿ ರೂಪಿಸಿದ ನೀತಿಯ ಪ್ರಕಾರ ಮಸೂದೆಯ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು. ವಾರಕ್ಕೊಂದು ಸಂತೆಯ ಲೆಕ್ಕದಲ್ಲಿ ನಾಲ್ಕು ಸಂತೆ! ರೋಮಿನ ಮೂರಕ್ಕಿಂತ ಒಂದು ಹೆಚ್ಚು. ಆದರೆ ಅದು ಕಡ್ಡಾಯದ ಕಾನೂನಲ್ಲ, ಬರೀ ನೀತಿ. ಮುಂದಿಡುವುದೂ ಬಹುಪಾಲು ಇಲಾಖೆಯ ಜಾಲತಾಣದಲ್ಲಿ, ಇಂಗ್ಲಿಷಿನಲ್ಲಿ.

ಪದವನ್ನು ಬದಲಿಸಿದರೆ ಎಲ್ಲ ಸರಿಹೋಗುತ್ತದೆಂದು ನಾನು ಹೇಳುತ್ತಿಲ್ಲ. ‘ಪ್ರಖ್ಯಾಪಿಸು’ ಬೇಕಾದರೆ ಇರಲಿ. ಆ ಪದ ಮಾಡುವ ವಾಗ್ದಾನವನ್ನು ನಡೆಸಿಕೊಡಿ ಎಂಬುದಷ್ಟೇ ಬೇಡಿಕೆ. ಕರಡು ಕನ್ನಡದಲ್ಲಿ ಬರಲಿ, ಆ ಕನ್ನಡ ಜನ ಆಡುವ ಪದಗಳನ್ನು ನಾಚದೆ ಬಳಸಲಿ. ‘ಸಮರ್ಪಣೆ’ಯ ಪಕ್ಕದಲ್ಲಿ ‘ಮುತ್ತು ಕಟ್ಟುವುದು’ ಇರಲಿ, ‘ಅನಧಿಕೃತ ಅಧಿಭೋಗ’ದ ಪಕ್ಕದಲ್ಲಿ ‘ಬಗರ್ ಹುಕುಂ’ ಇರಲಿ. ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳುವುದು ಒಬ್ಬ ಅಧಿಕಾರಿಯ ಲಿಖಿತ ಕರ್ತವ್ಯವಾಗಲಿ. ಓದಿ ಹೇಳಿದ ದಿನಾಂಕ ಕಡತದಲ್ಲಿ ದಾಖಲಾಗಲಿ. ಶಿಕ್ಷೆ ವಿಧಿಸುವ ಕಾನೂನಿಗಾದರೂ ಆ ದಿನಾಂಕದಿಂದಲೇ ಎಣಿಕೆ ಆರಂಭವಾಗಲಿ.

ಜಾರಿ ಎಂದರೆ ಹರಿಯುವುದು ಎಂದು ಅರಬ್ಬಿ ಹೇಳುತ್ತದೆ. ಜಾರಿ ಎಂದರೆ ಕೈಯಿಂದ ನುಣುಚಿ ಎಂದು ಕನ್ನಡ ಹೇಳುತ್ತದೆ. ಮೇಲಿನಿಂದ ಬಿಟ್ಟ ಕಾನೂನು ಕೊನೆಯ ಹೊಲದ ಮಡಿಗೆ ಹರಿಯುತ್ತದೋ, ನಡುವೆಯೇ ಜಾರಿಹೋಗುತ್ತದೋ ಎಂಬುದನ್ನು ಕಾಲುವೆಯ ತುದಿಯಲ್ಲಿ ನಿಂತು ನೋಡಬೇಕು. ಅಲ್ಲಿ ನೀರು ಕಂಡ ದಿನ ಪ್ರಖ್ಯಾಪನೆ ಆಯಿತೆಂದು ಬರೆದುಕೊಳ್ಳಬಹುದು.